ಮೂಲೆಯಲ್ಲೊಂದು ಕೆಂಪು ದಾರ

ಲಾಂಡ್ರಿಯ ಓನರ್‌ಗೆ ಬೀದಿಯವರು ಇಟ್ಟ ಹೆಸರು ಗಂಜಿರಾಯ. ಬಟ್ಟೆಗೆ ಗಂಜಿ ಹಾಕುವುದರಲ್ಲಿ ಅವನ ಕೈ ಮೀರಿಸಿದವರಿಲ್ಲ ಎಂಬುದು ಅರ್ಧ ಕಾರಣ. ಗಂಜಿ ಹಾಕಿ ಒಣಗಿಸಿದ ಅಂಗಿಯಂತೆ ಅವನೂ ಬಗ್ಗದೆ ಬಳುಕದೆ ಸೆಟೆದುಕೊಂಡೇ ಓಡಾಡುತ್ತಿದ್ದ ಎಂಬುದು ಇನ್ನರ್ಧ. ಅಂಥವನು ಆ ಶನಿವಾರ ಸಂಜೆ ಊರಿನ ದೊಡ್ಡ ಹೋಟೆಲಿನ ಗಾಜಿನ ಬಾಗಿಲ ಮುಂದೆ ನಿಂತು ಬೆವರಿ ತೊಪ್ಪೆಯಾಗಿದ್ದ. ತಾನೇ ಇಸ್ತ್ರಿ ಮಾಡಿದ ಕಾಲರು ತನ್ನದೇ ಕುತ್ತಿಗೆಯನ್ನು ಕುಯ್ಯುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಅನ್ನುವುದು ಇದಕ್ಕೇ ಇರಬೇಕು.

ಒಳಗೆ ಕಿಟಕಿ ಪಕ್ಕದ ಮೇಜು ಅವನಿಗಾಗಿ ಕಾದಿತ್ತು. ಮೇಜಿನ ಮೇಲೆ ಮೋಂಬತ್ತಿ, ಎರಡು ತಟ್ಟೆ, ಎರಡು ಬಿಳಿ ನ್ಯಾಪ್ಕಿನ್. ಅವುಗಳಲ್ಲೊಂದರ ಮಡಿಕೆಯೊಳಗೆ ಒಂದು ಚಿನ್ನದ ಉಂಗುರ. ಅಂದು ಬೆಳಿಗ್ಗೆ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಅದನ್ನು ಮಡಿಚಿದವನು ಅವನೇ. ಆ ಹೋಟೆಲಿನ ಮೇಜಿನ ಬಟ್ಟೆಗಳೆಲ್ಲ ಒಗೆಯಲು ಬರುತ್ತಿದ್ದುದು ಅವನ ಲಾಂಡ್ರಿಗೆ. ಆದ್ದರಿಂದ ಊಟದ ಹಾಲ್ ನೋಡಿಕೊಳ್ಳುವ ಕ್ಯಾಪ್ಟನ್ ಅವನಿಗೆ ಹಳೆಯ ಪರಿಚಯ. ಈ ಉಪಾಯವೂ ಕ್ಯಾಪ್ಟನ್ನಿನದೇ.

"ನೀವು ಬಾಯೇ ಬಿಡಬೇಕಾಗಿಲ್ಲ ಸರ್," ಎಂದಿದ್ದ ಕ್ಯಾಪ್ಟನ್. "ಮೇಡಂ ನ್ಯಾಪ್ಕಿನ್ ಬಿಚ್ಚಿದ್ರೆ ಉಂಗುರ ಸಿಗುತ್ತೆ. ನಮ್ಮ ಪಿಟೀಲಿನವರು ಬಂದು ಪಕ್ಕದಲ್ಲೇ ನುಡಿಸ್ತಾರೆ. ಹಾಲ್‌ನಲ್ಲಿರೋರೆಲ್ಲ ಚಪ್ಪಾಳೆ ಹೊಡೀತಾರೆ. ಇಲ್ಲಿ ಎಷ್ಟು ಜನ ಹೀಗೆ ಕೇಳಿಲ್ಲ? ಒಬ್ಬಳೂ ಇಲ್ಲ ಅಂದಿದ್ದನ್ನ ನಾನು ಕಂಡಿಲ್ಲ."

ಬಾಯೇ ಬಿಡಬೇಕಾಗಿಲ್ಲ ಎಂಬ ಮಾತಿಗೆ ಗಂಜಿರಾಯ ಸೋತುಹೋದ. ಬಾಯಿ ಬಿಡುವುದೇ ಅವನಿಗೆ ಆಗದ ಕೆಲಸ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಅಂಗಡಿಯಲ್ಲಿ ಹರಿದ ಬಟ್ಟೆ ರಫು ಮಾಡುವ ಹೆಂಗಸಿನ ಮೇಲೆ ಮನಸ್ಸಾಗಿಯೂ ವರ್ಷಗಳೇ ಉರುಳಿದ್ದವು. ಅವಳೂ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಎಂಥ ಹರಕನ್ನೂ ಎಳೆಗೆ ಎಳೆ ಕೂಡಿಸಿ ಮುಚ್ಚಿಬಿಡುತ್ತಿದ್ದಳು. ಗಿರಾಕಿಗಳಿಗೆಲ್ಲ ಅವಳು ಸೂಜಿಯಕ್ಕ, ಅಂಗಡಿಯಲ್ಲಿ ಇಸ್ತ್ರಿ ಮಾಡುವ ಅಜ್ಜನಿಗೂ ಸೂಜಿಯಕ್ಕ. ಗಂಜಿರಾಯನಿಗೆ ಮಾತ್ರ ಹಾಗೆ ಕರೆಯಲು ನಾಲಿಗೆ ಹೊರಳುತ್ತಿರಲಿಲ್ಲ. ಮನಸ್ಸಿನಲ್ಲಿ ಇಂಥದ್ದು ಇಟ್ಟುಕೊಂಡು ಬಾಯಲ್ಲಿ ಅಕ್ಕ ಅನ್ನುವುದು ಹೇಗೆ? ಹೆಸರು ಹಿಡಿದು ಕರೆಯಲು ಧೈರ್ಯವಿಲ್ಲ. ಹೀಗಾಗಿ 'ನೋಡಿ', 'ಕೇಳಿದ್ರಾ', 'ಇವ್ರೇ' ಅನ್ನುವುದರಲ್ಲೇ ಕಾಲ ತಳ್ಳಿದ್ದ.

ಇನ್ನು ತಳ್ಳುವಂತಿರಲಿಲ್ಲ. ಬೇರೆ ಊರಿನಲ್ಲಿದ್ದ ಅವಳ ತಂಗಿ ಹೊಲಿಗೆ ಅಂಗಡಿ ತೆರೆದಿದ್ದಳು. "ಅಕ್ಕಾ, ನೀನೂ ಬಂದುಬಿಡು, ನನ್ನ ಜೊತೆಗೇ ಇರು" ಎಂದು ಬೆನ್ನು ಬಿದ್ದಿದ್ದಳು. ನಾಳೆ ಬೆಳಿಗ್ಗೆ ಫೋನ್ ಮಾಡಿ ಹೂಂ ಅಥವಾ ಉಹೂಂ ಹೇಳಬೇಕು. ಇದನ್ನು ಸೂಜಿಯಕ್ಕ ವಾರದ ಹಿಂದೆ ಗುಂಡಿ ಹಚ್ಚುತ್ತಾ, ತಲೆ ಎತ್ತದೆ, ಹವೆಯ ವಿಷಯ ಹೇಳಿದಂತೆ ಹೇಳಿದ್ದಳು. ಗಂಜಿರಾಯ "ಓಹೋ" ಎಂದಿದ್ದ. ಬರೀ ಓಹೋ! ರಾತ್ರಿಯೆಲ್ಲ ಆ ಓಹೋಗೆ ತನ್ನನ್ನು ತಾನೇ ಬೈದುಕೊಂಡಿದ್ದ.

ಲಾಂಡ್ರಿಗೆ ಇಪ್ಪತ್ತೈದು ವರ್ಷ ತುಂಬಿತು, ಎಲ್ಲರೂ ಒಟ್ಟಿಗೆ ಊಟಕ್ಕೆ ಹೋಗೋಣ ಎಂದು ನೆಪ ಹೂಡಿದ್ದ. ಎಲ್ಲರೂ ಎಂದರೆ ಅವನು, ಅವಳು, ಇಸ್ತ್ರಿ ಅಜ್ಜ. ಅಜ್ಜನನ್ನು ಪಕ್ಕಕ್ಕೆ ಕರೆದು, ಹೊರಡುವ ಹೊತ್ತಿಗೆ ಏನಾದರೂ ಕಾಯಿಲೆ ಹೇಳಿ ತಪ್ಪಿಸಿಕೊಳ್ಳಿ ಎಂದು ಗುಟ್ಟಾಗಿ ಹೇಳಿಯೂ ಇದ್ದ. ಅಜ್ಜ ಅದರಂತೆ ಕೆನ್ನೆ ಹಿಡಿದುಕೊಂಡು, ಹಲ್ಲುನೋವು, ಪ್ರಾಣ ಹೋಗ್ತಿದೆ ಎಂದು ನರಳಿ ಮನೆಗೆ ಹೋಗಿದ್ದ.

ಅವಳು ಬಂದಳು. ನೀಲಿ ಸೀರೆ, ಕಂಕುಳಲ್ಲಿ ಪುಟ್ಟ ಕಪ್ಪು ಬ್ಯಾಗು. ದಿನವೂ ನೋಡುವ ಮುಖವೇ, ಆದರೂ ಗಂಜಿರಾಯ ಇನ್ನೊಮ್ಮೆ ಕಾಲರು ಎಳೆದುಕೊಂಡ.

"ಏನ್ ಓನರೇ, ಹೊರಗೇ ನಿಂತಿದೀರಾ? ಒಳಗೆ ಬಿಡಲಿಲ್ವಾ?"

"ನೋಡಿ, ಒಂದು ಮಾತು," ಎಂದ ಅವನು. ಇದನ್ನಂತೂ ಕನ್ನಡಿ ಮುಂದೆ ನಿಂತು ಬಾಯಿಪಾಠ ಮಾಡಿಕೊಂಡು ಬಂದಿದ್ದ. "ಇವತ್ತು ಅಂಗಡಿ ಮಾತು ಬೇಡ. ಕಲೆ, ಸೋಪು, ಗಿರಾಕಿ ಏನೂ ಬೇಡ. ಯಾರು ಅಂಗಡಿ ಮಾತು ಎತ್ತುತ್ತಾರೋ ಅವರು ಸೋಮವಾರ ಎಲ್ಲಾ ಕಾಲುಚೀಲಗಳಿಗೂ ಜೋಡಿ ಹುಡುಕಬೇಕು."

ಕಾಲುಚೀಲಕ್ಕೆ ಜೋಡಿ ಹುಡುಕುವುದು ಲಾಂಡ್ರಿಯಲ್ಲಿ ಶಿಕ್ಷೆಗಿಂತ ಹೆಚ್ಚು. ಬುಟ್ಟಿ ತುಂಬ ಕಪ್ಪು, ಎಲ್ಲವೂ ಒಂದೇ ಥರ, ಯಾವುದೂ ಒಂದೇ ಅಲ್ಲ. ಅವಳು ನಕ್ಕು ಒಪ್ಪಿದಳು. ಅಂಗಡಿ ಮಾತು ಇಲ್ಲದಿದ್ದರೆ ಮನಸ್ಸಿನ ಮಾತು ತಾನೇ ಬರುತ್ತದೆ ಎಂಬುದು ಅವನ ಲೆಕ್ಕಾಚಾರ. ಪಾಪ, ತಾನು ತೋಡುತ್ತಿರುವುದು ತನಗೇ ಹಳ್ಳ ಎಂದು ಆಗ ಗೊತ್ತಿರಲಿಲ್ಲ.

ಹಾಲ್ ತಂಪಾಗಿತ್ತು. ಗೋಡೆಗೆ ಕಂದು ಮರದ ಹಲಗೆ, ಮೇಲೆ ಮಂದ ದೀಪ, ಜನ ಪಿಸುಮಾತಾಡುತ್ತಾ ತಿನ್ನುತ್ತಿದ್ದರು. ಮೂಲೆಯಲ್ಲಿ ಪಿಟೀಲಿನವನು ವಾದ್ಯವನ್ನು ಭುಜಕ್ಕೆ ಏರಿಸಿಕೊಂಡು ಬೇಟೆಗಾರನಂತೆ ಇವರ ಮೇಜನ್ನೇ ದಿಟ್ಟಿಸುತ್ತಿದ್ದ. ಕ್ಯಾಪ್ಟನ್ ಕುರ್ಚಿ ಎಳೆದು ಅವಳನ್ನು ಕೂರಿಸಿ, ಗಂಜಿರಾಯನಿಗೆ ಕಣ್ಣು ಹೊಡೆದು ಹಿಂದೆ ಸರಿದ. ಅವಳ ತಟ್ಟೆಯ ಮೇಲೆ ಹೂವಿನಂತೆ ಮಡಿಚಿದ ನ್ಯಾಪ್ಕಿನ್. ಕ್ಯಾಪ್ಟನ್ ನೂರಾರು ನ್ಯಾಪ್ಕಿನ್ನುಗಳಲ್ಲಿ ಇದನ್ನೇ ಗುರುತಿಸಲೆಂದು ಗಂಜಿರಾಯ ಮೂಲೆಗೊಂದು ಗುರುತು ಹಾಕಿದ್ದ. ಒಂದೇ ಒಂದು ಹೊಲಿಗೆ, ಕೆಂಪು ದಾರದ್ದು.

ಅವಳ ಕಣ್ಣು ಆ ಮೂಲೆಗೆ ಹೋಯಿತು. ಅವನ ಕಣ್ಣು ಅವಳ ಕಣ್ಣಿನ ಹಿಂದೆಯೇ ಹೋಯಿತು. ಆಗ ಅವನಿಗೆ ತಾನು ಮಾಡಿದ್ದು ಏನೆಂದು ಹೊಳೆಯಿತು.

ಅವರ ಲಾಂಡ್ರಿಯಲ್ಲಿ ಒಂದು ಕಟ್ಟಳೆಯಿತ್ತು. ಬಟ್ಟೆಯಲ್ಲಿ ಹರಕು ಕಂಡವರು ಅದರ ಮೂಲೆಗೆ ಕೆಂಪು ದಾರದಲ್ಲಿ ಒಂದು ಹೊಲಿಗೆ ಹಾಕಿ ಸೂಜಿಯಕ್ಕನ ಬುಟ್ಟಿಗೆ ಹಾಕಬೇಕು. ಆ ದಾರ ಇರುವವರೆಗೆ ಬಟ್ಟೆಯನ್ನು ಯಾರೂ ಮುಟ್ಟುವಂತಿಲ್ಲ, ಓನರ್ ಕೂಡ. ಅವಳು ರಫು ಮುಗಿಸಿ ದಾರ ಕಡಿದ ಮೇಲೇ ಅದು ಮನೆಗೆ ಹೋಗಬೇಕು. ಕಟ್ಟಳೆ ಮಾಡಿದವಳು ಅವಳೇ. ಗುರುತು ಹಾಕಬೇಕು ಅಂದ ತಕ್ಷಣ ಗಂಜಿರಾಯನ ಕೈ ತಾನಾಗಿ ಕೆಂಪು ದಾರದ ಉಂಡೆಗೇ ಹೋಗಿತ್ತು. ಕೈಗೆ ಅಭ್ಯಾಸ, ತಲೆಗೆ ಪ್ರೇಮ. ಎರಡೂ ಸೇರಿದರೆ ಇನ್ನೇನಾಗುತ್ತದೆ!

ಅವಳು ಅತ್ತಿತ್ತ ನೋಡಿದಳು. ನ್ಯಾಪ್ಕಿನ್ನನ್ನು ಬಿಚ್ಚದೆ, ಮಡಿಕೆಯ ಸಮೇತ, ಕಣ್ಣು ಮಿಟುಕಿಸುವಷ್ಟರಲ್ಲಿ ಬ್ಯಾಗಿಗೆ ಇಳಿಸಿ ಜಿಪ್ ಎಳೆದಳು. ಅಂಗಡಿಯ ಮರ್ಯಾದೆ ಉಳಿಸಿದವಳ ಗತ್ತಿನಲ್ಲಿ ಕೈಕಟ್ಟಿ ಕೂತಳು.

"ಅದು... ಆ ನ್ಯಾಪ್ಕಿನ್..." ಎಂದ ಗಂಜಿರಾಯ.

"ಶ್!" ಎಂದಳು ಅವಳು. "ಕಾಲುಚೀಲ."

ಮಾಣಿಯನ್ನು ಕರೆದು, ತನಗೊಂದು ನ್ಯಾಪ್ಕಿನ್ ಕಮ್ಮಿ ಇದೆಯೆಂದಳು. ಅವನು ಬೇರೆ ತಂದುಕೊಟ್ಟ. ಅವಳು ಅದನ್ನು ಝಾಡಿಸಿ ತೊಡೆಯ ಮೇಲೆ ಹಾಸಿದ್ದೇ ತಡ, ಮೂಲೆಯಲ್ಲಿ ಕಾದಿದ್ದ ಪಿಟೀಲಿನವನು ಹಾರಿ ಬಂದು ಅವಳ ಕಿವಿಯ ಪಕ್ಕದಲ್ಲೇ ನುಡಿಸತೊಡಗಿದ. ಅವನಿಗೆ ಹೇಳಿದ್ದಿಷ್ಟೇ: ಆ ಮೇಡಂ ನ್ಯಾಪ್ಕಿನ್ ಬಿಚ್ಚಿದ ಕೂಡಲೇ ಶುರು ಮಾಡು. ಯಾವ ನ್ಯಾಪ್ಕಿನ್ ಎಂದು ಯಾರೂ ಹೇಳಿರಲಿಲ್ಲ.

ಅಕ್ಕಪಕ್ಕದ ಮೇಜಿನವರು ತಿರುಗಿದರು. ಚಪ್ಪಾಳೆಗೆ ಕೈ ಎತ್ತಿದ ಕ್ಯಾಪ್ಟನ್ ಉಂಗುರ ಕಾಣದೆ ಕೈಗಳನ್ನು ಅಲ್ಲಿಗೇ ಬಿಟ್ಟು ಗಂಜಿರಾಯನ ಮುಖ ನೋಡಿದ. ಗಂಜಿರಾಯ ಮೋಂಬತ್ತಿಯ ಮುಖ ನೋಡಿದ. ಪಿಟೀಲಿನವನು ಹಾಡು ಮುಗಿಸಿದ, ಕಾದ, ಏನೂ ಆಗದಿದ್ದಾಗ ಬಹುಶಃ ಸಾಲಲಿಲ್ಲವೇನೋ ಎಂದು ಮತ್ತೆ ಮೊದಲಿಂದ ಶುರುಮಾಡಿದ.

"ಚೆನ್ನಾಗಿ ನುಡಿಸ್ತಾರೆ," ಎಂದಳು ಸೂಜಿಯಕ್ಕ. "ಆದರೆ ನಮಗೇ ಯಾಕೆ?"

"ಎಲ್ಲಾ ಮೇಜಿಗೂ ನುಡಿಸ್ತಾರೆ," ಎಂದು ಗಂಜಿರಾಯ ಸುಳ್ಳು ಹೇಳಿದ. ಎಲ್ಲಾ ಮೇಜಿನವರೂ ಇವರನ್ನೇ ನೋಡುತ್ತಿದ್ದರು.

ಅಣಬೆ ಸೂಪು ಬಂತು. ಅವನಿಗೆ ಅದು ಬಾಯಲ್ಲಿ ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಮೇಜಿನ ಕೆಳಗೆ ಬಲಗಾಲು ತಾನಾಗಿ ಕುಣಿಯುತ್ತಿತ್ತು. ಉಂಗುರ ಇಲ್ಲೇ, ಕೈಯಳತೆಯಲ್ಲಿ, ಅವಳ ಮಡಿಲ ಪಕ್ಕದ ಬ್ಯಾಗಿನಲ್ಲಿತ್ತು. ಅವಳಿಗೆ ಗೊತ್ತಿಲ್ಲ. ಸೋಮವಾರ ಅವಳು ಅದನ್ನು ರಫು ಮಾಡಲೆಂದು ತೆಗೆಯುತ್ತಾಳೆ. ಅಷ್ಟರಲ್ಲಿ ನಾಳೆ ಬೆಳಿಗ್ಗೆ ತಂಗಿಗೆ ಹೂಂ ಅಂದಾಗಿರುತ್ತದೆ. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಹೇಗಾದರೂ ಮಾಡಿ ಅವಳು ಆ ನ್ಯಾಪ್ಕಿನ್ ಈಗಲೇ ತೆಗೆಯುವಂತೆ ಮಾಡಬೇಕು.

ಮೊದಲು ನೀರಿನ ಲೋಟ ಉರುಳಿಸಿದ. ನೀರು ಮೇಜಿನ ಬಟ್ಟೆಯ ಮೇಲೆ ಹರಿದು ಅವಳ ಕಡೆಗೇ ಹೋಯಿತು. ಒರೆಸಲು ಏನಾದರೂ ಬೇಕಲ್ಲ! ಆದರೆ ಮಾಣಿ ಎಲ್ಲಿದ್ದನೋ, ಬಟ್ಟೆ ಹಿಡಿದು ಪ್ರತ್ಯಕ್ಷನಾಗಿ ಕ್ಷಣದಲ್ಲಿ ಒರೆಸಿಬಿಟ್ಟ.

"ಬರೀ ನೀರು ಬಿಡಿ, ಕಲೆಯಾಗಲ್ಲ," ಎಂದಳು ಅವಳು.

ಗಂಜಿರಾಯ ಹಿಗ್ಗಿದ. "ಅಂಗಡಿ ಮಾತು! ನೀವೇ ಅಂಗಡಿ ಮಾತು ಎತ್ತಿದ್ರಿ! ಹಾಗಾದ್ರೆ ನಾನೂ ಒಂದು..."

"ಇದು ಅಂಗಡಿ ಮಾತಲ್ಲ. ನೀರು ಎಲ್ಲರ ಮನೇಲೂ ಚೆಲ್ಲುತ್ತೆ."

ಸೋತ. ಸೂಪಿನ ಬಟ್ಟಲು ಹೋಗಿ ಹುರಿದ ಮೀನು ಬಂತು. ಅವನು ಫೋರ್ಕನ್ನು ಎಡಗೈಗೂ ಬಲಗೈಗೂ ವರ್ಗಾಯಿಸುತ್ತಾ ಇನ್ನೊಂದು ಬಾಣ ಹೂಡಿದ.

"ನಿಮ್ಮ ಬ್ಯಾಗು ಭಾರ ಇರಬೇಕು. ಈ ಕಡೆ ಕೊಡಿ, ನನ್ನ ಕುರ್ಚಿಗೆ ನೇತುಹಾಕ್ತೀನಿ."

"ಅದರಲ್ಲಿರೋದು ಒಂದು ಕನ್ನಡಕ, ಒಂದು ಬಾಚಣಿಗೆ. ಮೂಟೆ ಹೊತ್ತುಕೊಂಡು ಬಂದಿದೀನಾ?" ಎಂದು ಅವಳು ಬ್ಯಾಗನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. "ಯಾಕೆ ಓನರೇ, ಇರುವೆ ಗೂಡಿನ ಮೇಲೆ ಕೂತವರ ಥರ ಆಡ್ತಿದೀರಿ? ಹುಷಾರಿಲ್ವಾ?"

"ಸೆಕೆ," ಎಂದ ಅವನು, ತಂಪು ಗಾಳಿ ನೇರ ನೆತ್ತಿಯ ಮೇಲೆ ಬೀಸುತ್ತಿದ್ದರೂ.

ಅವಳು ಮೀನಿನ ಮುಳ್ಳುಗಳನ್ನು ಒಂದೊಂದಾಗಿ ಬಿಡಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದಳು. ಹೊಲಿಗೆ ಬಿಚ್ಚುವಾಗಲೂ ಹೀಗೇ, ಅವಸರವೇ ಇಲ್ಲ. ಗಂಜಿರಾಯನಿಗೆ ಆ ಬೆರಳುಗಳನ್ನು ನೋಡುತ್ತಾ ಒಮ್ಮೆಗೇ ಅಳು ಬಂದಂತಾಯಿತು. ಇನ್ನು ಮೇಲೆ ಆ ಬೆರಳುಗಳು ಬೇರೆ ಊರಿನ ಬೇರೆ ಮೇಜಿನ ಮೇಲೆ ಓಡಾಡುತ್ತವೆ ಎಂಬುದನ್ನು ಅವನು ಈವರೆಗೆ ಯೋಚಿಸಿದ್ದ ಅಷ್ಟೆ, ಈಗ ಅದು ಎದುರಿಗೇ ಕೂತಿತ್ತು.

"ತಂಗಿಗೆ ಏನು ಹೇಳ್ಬೇಕು ಅಂತಿದೀರಿ?" ಎಂದು ಕೇಳಿಯೇಬಿಟ್ಟ.

ಅವಳು ಕೊನೆಯ ಮುಳ್ಳನ್ನು ಅಂಚಿಗಿಟ್ಟಳು. "ಬರ್ತೀನಿ ಅನ್ನೋಣ ಅಂತ. ಕೋಣೆ ಕೊಡ್ತಾಳಂತೆ. ಮಕ್ಕಳಿಗೂ ದೊಡ್ಡಮ್ಮ ಅಂದ್ರೆ ಜೀವ. ಇಲ್ಲಿ ನನ್ನನ್ನ ಇರು ಅಂತ ಹೇಳಿದವರಾದ್ರೂ ಯಾರು?"

ಗಂಜಿರಾಯ ಬಾಯಿ ತೆರೆದ. ಸರಿಯಾಗಿ ಅದೇ ಹೊತ್ತಿಗೆ ಅವಳು ಚೆಲ್ಲಿದ ನೀರಿನಿಂದ ತೊಯ್ದಿದ್ದ ನ್ಯಾಪ್ಕಿನ್ನನ್ನು ಬಿಡಿಸಿ ಬೇರೆ ಮಗ್ಗುಲಿಗೆ ಹಾಸಿಕೊಂಡಳು. ದೂರದಿಂದ ನೋಡಿದ ಪಿಟೀಲಿನವನು ಈ ಸಲವಾದರೂ ಇರಬಹುದು ಎಂದು ಓಡಿ ಬಂದು ಮೂರನೇ ಸಲ ಅದೇ ಹಾಡು ಎತ್ತಿಕೊಂಡ. ಗಂಜಿರಾಯನ ಮಾತು ಬಾಯಲ್ಲೇ ಸತ್ತಿತು.

ಅವಳು ಎದ್ದಳು. "ಕೈ ತೊಳೆದು ಬರ್ತೀನಿ," ಎಂದು ಬ್ಯಾಗನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೋದಳು.

ಅವಳು ಕಣ್ಮರೆಯಾದದ್ದೇ ಕ್ಯಾಪ್ಟನ್ ಧಾವಿಸಿ ಬಂದ. "ಸರ್, ಉಂಗುರ ಎಲ್ಲಿ?"

"ಅವಳ ಬ್ಯಾಗಲ್ಲಿ."

"ಅಂದ್ರೆ ಒಪ್ಪಿದ್ರಾ?"

"ರಫಿಗೆ ತಗೊಂಡಿದಾಳೆ!"

ಕ್ಯಾಪ್ಟನ್ನಿಗೆ ತಲೆಬುಡ ಅರ್ಥವಾಗಲಿಲ್ಲ. ಗಂಜಿರಾಯನಿಗೆ ಬಿಡಿಸಿ ಹೇಳುವ ತಾಳ್ಮೆಯೂ ಇರಲಿಲ್ಲ. ಪಿಟೀಲಿನವನು ಕೊರಳು ತೂರಿಸಿ, "ಸರ್, ನನಗೆ ಬರೋ ಪ್ರೇಮದ ಹಾಡು ಅದೊಂದೇ. ಇನ್ನೊಂದ್ಸಲ ನುಡಿಸಿದ್ರೆ ಜನ ಎದ್ದು ಹೋಗ್ತಾರೆ," ಎಂದು ಗೋಗರೆದ.

"ಇನ್ನು ನುಡಿಸಬೇಡಿ ಮಾರಾಯರೇ! ಇಬ್ಬರೂ ಆಚೆ ಹೋಗಿ. ಈ ಮೇಜಿನ ಹತ್ತಿರ ಬರ್ಲೇಬೇಡಿ," ಎಂದ ಗಂಜಿರಾಯ. ಧ್ವನಿ ಎಷ್ಟು ಏರಿತೆಂದರೆ ಪಕ್ಕದ ಮೇಜಿನ ಹುಡುಗಿ ಚಮಚ ಕೆಳಗಿಟ್ಟಳು.

ಅವರು ಹೋದರು. ಅವಳು ಬರಲಿಲ್ಲ. ಮಾಣಿ ತಟ್ಟೆಗಳನ್ನು ಎತ್ತಿಕೊಂಡು ಹೋಗಿ ಚಾಕೊಲೇಟ್ ಕೇಕು ತಂದಿಟ್ಟ. ಅದರ ಮೇಲಿನ ಕೆನೆ ಮೆಲ್ಲಗೆ ಒಂದು ಬದಿಗೆ ವಾಲಿತು. ಅವಳು ಇನ್ನೂ ಬರಲಿಲ್ಲ. ಗಂಜಿರಾಯ ಎದ್ದ, ಕೂತ, ಕಾಲರಿನ ಗುಂಡಿ ಬಿಚ್ಚಿದ. ಹಿಂಬಾಗಿಲಿನಿಂದ ಹೋಗಿಬಿಟ್ಟಳೋ? ಬ್ಯಾಗು ತೆರೆದು ನೋಡಿ, ಛೀ ಈ ಮುದುಕನಿಗೆ ಏನು ಬಂತು ಎಂದುಕೊಂಡಳೋ? ಇಂಗು ತಿಂದ ಮಂಗನಂತೆ ಬಾಗಿಲನ್ನೇ ನೋಡುತ್ತಾ ಕೂತ. ಬಾಯೇ ಬಿಡಬೇಕಾಗಿಲ್ಲ ಎಂದಿದ್ದ ಕ್ಯಾಪ್ಟನ್. ಬಾಯಿ ಬಿಡದೆ ಇಷ್ಟು ವರ್ಷ ಕಳೆದದ್ದು ಸಾಲದೆ, ಬಿಡದೇ ಇರಲು ಇನ್ನೂ ಒಂದು ದಾರಿ ಹುಡುಕಿಕೊಂಡು ಬಂದಿದ್ದೆನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಅವಳು ಬಂದಳು. ಮುಖ ತೊಳೆದಿದ್ದಳು, ಕಿವಿಯ ಬಳಿ ಕೂದಲು ಒದ್ದೆಯಾಗಿತ್ತು. ಕೂತು, ಕೇಕಿನ ಕಡೆ ನೋಡದೆ, ಬ್ಯಾಗನ್ನು ಮೇಜಿನ ಮೇಲಿಟ್ಟಳು.

"ನೋಡಿ, ಆ ನ್ಯಾಪ್ಕಿನ್ನಲ್ಲಿ ಹರಕಿಲ್ಲ," ಎಂದ ಗಂಜಿರಾಯ. "ಅದು ಅಂಗಡಿ ಮಾತೇ ಆಗಲಿ, ಕಾಲುಚೀಲ ಎಲ್ಲಾ ನಾನೇ ಹುಡುಕ್ತೀನಿ. ಅದರಲ್ಲಿ..."

"ಉಂಗುರ ಇದೆ," ಎಂದಳು ಅವಳು.

ಗಂಜಿರಾಯ ಬ್ಯಾಗಿನ ಕಡೆ ನೋಡಿದ, ಅವಳ ಕಡೆ ನೋಡಿದ.

"ಎತ್ತಿಕೊಂಡಾಗಲೇ ಕೈಗೆ ಸಿಕ್ಕಿತು. ಮಡಿಕೆಯಲ್ಲಿ ಗುಂಡಿ ಇದೆಯೋ ಪಿನ್ನು ಇದೆಯೋ ಅಂತ ಬೆರಳಿಗೆ ಗೊತ್ತಾಗಲ್ವಾ? ಅದಿರಲಿ, ಹೋದ ತಿಂಗಳು ನನ್ನ ಅಂಗುಸ್ತಾನ ಕಳೆದುಹೋಗಿ, ಎರಡು ದಿನ ಆದಮೇಲೆ ಸೋಪಿನ ಡಬ್ಬಿಯಲ್ಲಿ ಸಿಕ್ಕಿತು. ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕೋ ಅಂಗುಸ್ತಾನ ಸೋಪಿನ ಡಬ್ಬಿಗೆ ನಡೆದುಕೊಂಡು ಹೋಗುತ್ತಾ? ಆಮೇಲೆ ಇಸ್ತ್ರಿ ಅಜ್ಜ. ಬಾಯಲ್ಲಿ ಒಂದೇ ಒಂದು ಹಲ್ಲಿಲ್ಲದ ಮನುಷ್ಯನಿಗೆ ಹಲ್ಲುನೋವು!"

ಉಂಗುರದ ಅಳತೆಗೆಂದು ಅಂಗುಸ್ತಾನ ಕದ್ದು ಅಕ್ಕಸಾಲಿಗನ ಬಳಿಗೆ ಒಯ್ದದ್ದು ನಿಜ. ಅಜ್ಜನ ಹಲ್ಲಿನ ವಿಷಯ ಮಾತ್ರ ಗಂಜಿರಾಯನಿಗೆ ಈಗಲೇ ಹೊಳೆದದ್ದು.

"ಗೊತ್ತಿದ್ದೂ ಬ್ಯಾಗಿಗೆ ಹಾಕಿಕೊಂಡ್ರಾ?" ಎಂದ. ದನಿಯಲ್ಲಿ ನೋವಿತ್ತು. "ನಾನು ಇಲ್ಲಿ ಜೀವ ಕೈಯಲ್ಲಿ ಹಿಡಿದು ಕೂತಿದ್ದೆ."

"ನನಗೆ ಭಯ ಆಯ್ತು." ಅವಳು ನಗುತ್ತಿರಲಿಲ್ಲ. "ಆ ಪಿಟೀಲಿನವನು ಕಾದು ನಿಂತಿದ್ದ, ಕ್ಯಾಪ್ಟನ್ ನಿಮಗೆ ಕಣ್ಣು ಹೊಡೆದಿದ್ದ, ಸುತ್ತ ಇಷ್ಟು ಜನ. ಎಲ್ಲರ ಮುಂದೆ ಅದನ್ನ ಬಿಚ್ಚಿದ ಮೇಲೆ ಇಲ್ಲ ಅನ್ನೋಕೆ ಜಾಗ ಎಲ್ಲಿರುತ್ತೆ? ನೀವು ಓನರ್ರು. ನಾನು ನಿಮ್ಮ ಅಂಗಡೀಲಿ ಕೆಲಸ ಮಾಡೋಳು. ಇಲ್ಲ ಅಂದ್ರೆ ಸೋಮವಾರ ನನ್ನ ಮೆಷಿನ್ ಮುಂದೆ ಹೇಗೆ ಕೂರಲಿ? ಹೂಂ ಅಂದ್ರೆ, ಮನಸ್ಸಿಂದ ಅಂದೆನೋ, ಚಪ್ಪಾಳೆಗೆ ಅಂದೆನೋ, ನಿಮಗಾದ್ರೂ ಹೇಗೆ ಗೊತ್ತಾಗುತ್ತೆ? ಅಂಗಡೀಲಿ ಇಷ್ಟು ವರ್ಷ ಎದುರಾಬದುರು ಕೂತಿದ್ವಲ್ಲ. ಒಂದು ದಿನ ಬಾಯಿಬಿಟ್ಟು ಕೇಳಿದ್ದಿದ್ರೆ?"

ಗಂಜಿರಾಯನಿಗೆ ನಾಚಿಕೆಯಾಯಿತು. ಒಬ್ಬಳೂ ಇಲ್ಲ ಅಂದಿಲ್ಲ ಎಂದು ಕ್ಯಾಪ್ಟನ್ ಹೇಳಿದಾಗ ಅವನು ಹಿಗ್ಗಿದ್ದ. ಅವರು ಯಾಕೆ ಇಲ್ಲ ಅನ್ನಲಿಲ್ಲ ಎಂದು ಒಂದು ಗಳಿಗೆಯೂ ಯೋಚಿಸಿರಲಿಲ್ಲ. ತಾನು ಒಂದು ಬಲೆಯನ್ನು ಗಂಜಿ ಹಾಕಿ, ಇಸ್ತ್ರಿ ಮಾಡಿ, ಹೂವಿನಂತೆ ಮಡಿಚಿ ಅವಳ ತಟ್ಟೆಯ ಮೇಲೆ ಇಟ್ಟಿದ್ದೆ ಎನ್ನಿಸಿತು.

"ತಪ್ಪಾಯ್ತು," ಎಂದ. "ನನಗೆ ಮಾತು ಬರಲ್ಲ. ಅದಕ್ಕೆ ಬಟ್ಟೆ ಕೈಲಿ ಹೇಳಿಸೋಕೆ ಹೋದೆ."

"ಈಗ ಹೇಳಿ."

"ನೀವಿಲ್ದಿದ್ರೆ ಅಂಗಡಿ ನಡೆಯಲ್ಲ..."

"ಅಂಗಡಿ ಮಾತು," ಎಂದಳು ಅವಳು ತಟ್ಟನೆ. "ಅಂಗಡಿಗೆ ಇನ್ನೊಬ್ಬಳು ರಫಿನವಳು ಸಿಗ್ತಾಳೆ."

ಗಂಜಿರಾಯ ಕೇಕಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಮೇಜಿನ ಕೆಳಗೆ ಕಾಲು ಮತ್ತೆ ಕುಣಿಯತೊಡಗಿತು. ಅವನು ಅಂಗೈಯಿಂದ ಮೊಣಕಾಲನ್ನು ಒತ್ತಿ ಹಿಡಿದ. ಅಂಗಡಿ ಬಿಟ್ಟರೆ ತನ್ನ ಬಳಿ ಹೇಳಲು ಏನಿದೆ ಎಂದು ಹುಡುಕಿದ. ತೀರಾ ಸಣ್ಣದೊಂದು ಸಿಕ್ಕಿತು.

"ಸಂಜೆ ಬಾಗಿಲು ಹಾಕಿದ ಮೇಲೆ ನೀವು ಬಲಕ್ಕೆ ತಿರುಗ್ತೀರಿ, ನಾನು ಎಡಕ್ಕೆ," ಎಂದ. "ನೀವು ಮುಂದಿನ ಬೀದಿಗೆ ಹೊರಳೋವರೆಗೂ ನಾನು ಬೀಗ ಎಳೆದು ನೋಡ್ತಾ ಅಲ್ಲೇ ನಿಂತಿರ್ತೀನಿ. ಬೀಗ ಸರಿಯಾಗೇ ಬಿದ್ದಿರುತ್ತೆ. ಎಡಕ್ಕೆ ಹೋಗೋಕೆ ನನಗೆ ಒಂದಿನಾನೂ ಮನಸ್ಸಾಗಿಲ್ಲ. ಮನೇಲಿ ಅನ್ನಕ್ಕಿಟ್ಟು, ಇವತ್ತು ನೀವು ಏನಂದ್ರಿ, ಯಾಕೆ ನಕ್ಕಿರಿ, ಅದನ್ನೇ ನೆನೆಸ್ಕೊಂಡು ಊಟ ಮಾಡ್ತೀನಿ. ನನಗೆ ನೀವು ಅಂದ್ರೆ ಇಷ್ಟ. ಅಷ್ಟೇ ನನಗೆ ಗೊತ್ತಿರೋದು. ನೀವು ಇಲ್ಲ ಅಂದ್ರೂ ಸೋಮವಾರ ಆ ಮೆಷಿನ್ನು ನಿಮ್ಮದೇ, ಅದರ ಪಕ್ಕದ ಕಿಟಕಿಯೂ ನಿಮ್ಮದೇ. ತಂಗಿ ಹತ್ರ ಹೋಗ್ತೀನಿ ಅಂದ್ರೆ ಬಸ್ಸಿಗೆ ಬಿಟ್ಟು ಬರ್ತೀನಿ. ಆದರೆ ಇರಿ. ಇಲ್ಲೇ ಇರಿ. ನನ್ನ ಜೊತೆ ಎಡಕ್ಕೆ ಬನ್ನಿ."

ಜೀವಮಾನದಲ್ಲಿ ಒಂದೇ ಉಸಿರಿಗೆ ಅವನು ಇಷ್ಟು ಮಾತಾಡಿದ್ದು ಇದೇ ಮೊದಲು. ಮಾತು ಮುಗಿದಾಗ ಕಾಲು ಕುಣಿಯುವುದು ನಿಂತಿತ್ತು. ಬೆನ್ನು ಬಗ್ಗಿ, ಸೆಟೆದ ಅಂಗಿ ಎದೆಯ ಬಳಿ ಮುದುರಿತ್ತು.

ಅವಳು ಬ್ಯಾಗಿನ ಜಿಪ್ ಎಳೆದು ನ್ಯಾಪ್ಕಿನ್ ತೆಗೆದಳು. ಹೂವಿನ ಮಡಿಕೆ ಸ್ವಲ್ಪ ನಜ್ಜುಗುಜ್ಜಾಗಿತ್ತು, ಆದರೆ ಬಿಚ್ಚಿರಲಿಲ್ಲ. ಅದನ್ನು ಮೋಂಬತ್ತಿಯ ಬೆಳಕಿಗೆ ಹಿಡಿದು ಮೂಲೆಯ ಕೆಂಪು ಹೊಲಿಗೆಯನ್ನು ನೋಡಿದಳು.

"ಎಷ್ಟು ಸೊಟ್ಟ ಹಾಕಿದೀರಿ," ಎಂದಳು.

"ಕೈ ನಡುಗ್ತಿತ್ತು."

"ದಾರ ಇದ್ದರೆ ಇದು ಮನೆಗೆ ಹೋಗೋ ಹಾಗಿಲ್ಲ. ಕತ್ತರಿ ತಂದಿಲ್ಲ. ಊಟಕ್ಕೆ ಕರೆದವರು ಕತ್ತರಿ ತನ್ನಿ ಅನ್ನಲಿಲ್ಲವಲ್ಲ." ಮೇಜಿನ ಮೇಲಿನ ಚಾಕು ಎತ್ತಿ ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿ, ಕೇಕು ಕುಯ್ಯಲೂ ಲಾಯಕ್ಕಿಲ್ಲ ಎಂಬಂತೆ ಮೂಗು ಮುರಿದು ಕೆಳಗಿಟ್ಟಳು. ಆಮೇಲೆ, ಆ ಮಂದ ದೀಪದ, ಪಿಸುಮಾತಿನ, ಬೆಳ್ಳಿ ಚಮಚದ ಹಾಲ್‌ನಲ್ಲಿ, ನ್ಯಾಪ್ಕಿನ್ನಿನ ಮೂಲೆಯನ್ನು ಬಾಯಿಗೆ ಕೊಂಡೊಯ್ದಳು.

"ಹಲ್ಲಲ್ಲಿ ಕಚ್ಚಬೇಡಿ!" ಎಂದು ಗಂಜಿರಾಯ ಕೂಗಿದ. ವರ್ಷಗಟ್ಟಲೆ ದಿನಕ್ಕೆ ಹತ್ತು ಸಲ ಹೇಳಿದ ಮಾತು, ಅವನನ್ನು ಕೇಳದೆಯೇ ಬಾಯಿಂದ ಹೊರಬಿದ್ದಿತ್ತು. "ಹಲ್ಲು ಸವೆಯುತ್ತೆ ಅಂತ ಎಷ್ಟು ಸಲ ಹೇಳಿದೀನಿ!"

ಹಾಲ್‌ಗೆ ಹಾಲೇ ತಿರುಗಿ ನೋಡಿತು. ದೂರದಲ್ಲಿ ಪಿಟೀಲಿನವನು ಏಳಲು ಹೋದ, ಕ್ಯಾಪ್ಟನ್ ಅವನ ತೋಳು ಹಿಡಿದು ಕೂರಿಸಿದ.

ಅವಳು ದಾರವನ್ನು ಪಟ್ಟನೆ ಕಡಿದಳು. ತುಂಡನ್ನು ತುಟಿಯಿಂದ ತೆಗೆದು, ಮೀನಿನ ಮುಳ್ಳುಗಳನ್ನು ಇಟ್ಟ ಹಾಗೇ, ತಟ್ಟೆಯ ಅಂಚಿಗೆ ಇಟ್ಟಳು. ಮಡಿಕೆ ಬಿಡಿಸಿ ಉಂಗುರವನ್ನು ಅಂಗುಸ್ತಾನದ ಬೆರಳಿಗೆ ಏರಿಸಿದಳು. ಅಳತೆ ಸರಿಯಾಗಿತ್ತು. ಅವಳ ಕಣ್ಣು ತುಂಬಿತ್ತು, ಆದರೆ ಬಾಯಿಗೆ ಅದರ ಪರಿವೆ ಇರಲಿಲ್ಲ.

"ಹಲ್ಲಲ್ಲಿ ಕಚ್ಚಬೇಡಿ ಅಂತ ಇನ್ಮೇಲೆ ಮನೇಲೂ ಹೇಳ್ತೀರಾ?" ಎಂದು ಕೇಳಿದಳು.